ಸಾಹೇಬರ ಬಲಗಾಲು ಮತ್ತು ನಮ್ಮ ಮುಂಗೋಪಿ

ಹಳೆಯ ವಾಹನಗಳ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡುವುದು ರೂಢಿ. ಆ ಮಾತನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿರುತ್ತೇನೆ. ನೀವೂ ನನ್ನದೊಂದನ್ನು ಇಟ್ಟುಕೊಂಡಿದ್ದೀರಲ್ಲ. ವಿಷಯ ಇಷ್ಟೇ. ಗುಜರಿಗೆ ಹಾಕಿ ಅಪ್ಪಚ್ಚಿ ಮಾಡಿಸಿದ್ದೇವೆ ಎಂದು ನಿಮ್ಮ ಕಚೇರಿ ತಿಳಿಸಿದ ನನ್ನ ಮೋಟಾರ್ ಸೈಕಲ್ ಅಪ್ಪಚ್ಚಿಯಾಗಿಲ್ಲ. ಅದು ನಿಮ್ಮ ವಶದಲ್ಲಿದೆ, ಬಿಡಿಭಾಗವಾಗಿ ಅಲ್ಲ, ಇಡಿಯಾಗಿ. ಇದನ್ನು ನನಗೆ ಯಾರೂ ಬಂದು ಹೇಳಲಿಲ್ಲ. ನಿಮ್ಮ ಬಲಗಾಲು ಹೇಳಿತು.

ನಾನು ಯಾರೆಂದು ನಿಮಗೆ ಗೊತ್ತು, ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ನೋಡುವ ಓದುಗರಿಗೆ ಗೊತ್ತಿಲ್ಲ. ಪೇಟೆ ಬೀದಿಯ ಕೊನೆಯಲ್ಲಿರುವ ಕನ್ನಡಕದ ಅಂಗಡಿ ನನ್ನದು. ಈಗ ನಿಮ್ಮ ಮೂಗಿನ ಮೇಲೆ ಕುಳಿತಿರುವ ಕನ್ನಡಕವನ್ನೂ ನಾನೇ ಮಾಡಿಕೊಟ್ಟಿದ್ದು, ದೂರದ್ದೂ ಹತ್ತಿರದ್ದೂ ಚೆನ್ನಾಗಿ ಕಾಣುವಂತೆ. ಆದ್ದರಿಂದ ನೋಡಲಿಲ್ಲ, ಕಾಣಲಿಲ್ಲ ಎಂಬ ನೆಪ ಊರಿನಲ್ಲಿ ಯಾರಿಗಿದ್ದರೂ ನಿಮಗಿಲ್ಲ. ವಾರಕ್ಕೊಂದು ದಿನ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಮಸೂರಗಳ ಮರದ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು, ನಾನು ಬೆಟ್ಟದ ಮೇಲಿನ ಊರುಗಳಿಗೆ ಹೋಗುತ್ತಿದ್ದೆ. ಅಲ್ಲಿನ ಮುದುಕರ ಕಣ್ಣು ಪರೀಕ್ಷಿಸಿ, ಮುಂದಿನ ವಾರ ಕನ್ನಡಕ ತಲುಪಿಸಿ ಬರುವುದು ನನ್ನ ಕೆಲಸ. ಅಲ್ಲಿಗೆ ರಸ್ತೆ ಇಲ್ಲ. ಕಲ್ಲು, ಬೇರು, ಕೆಸರು, ನಡುವೆ ಎರಡು ಹಳ್ಳ. ಅಂಥ ದಾರಿಗೆಂದೇ ಹುಟ್ಟಿದ ಗಾಡಿ ನನ್ನದು. ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಹಳೆಯ ಎಂಜಿನ್ನು, ಟಯರಿನಿಂದ ಗೇಣು ಎತ್ತರಕ್ಕೆ ಎದ್ದ ಮಡ್‌ಗಾರ್ಡು, ಗಂಟುಗಂಟಾದ ಟಯರು, ನೀರಿಗೆ ತಾಗದಂತೆ ಮೊಣಕಾಲಿನ ಪಕ್ಕದಲ್ಲೇ ಹಾದುಹೋಗುವ ಸೈಲೆನ್ಸರ್. ಹೊಸ ಗಾಡಿಗಳು ಏರು ಕಂಡರೆ ಕಿರುಚಿ, ಚಕ್ರ ಸುತ್ತಿಸಿ, ಇದ್ದಲ್ಲೇ ಹೊಂಡ ತೋಡುತ್ತವೆ. ಇದು ಡುಗ್ ಡುಗ್ ಎಂದು ಒಂದೊಂದೇ ಹೆಜ್ಜೆ ಇಟ್ಟು, ಯಾವ ಅವಸರವೂ ಇಲ್ಲದ ಅಜ್ಜನ ಹಾಗೆ ಹತ್ತಿಬಿಡುತ್ತದೆ.

ಅದು ನನ್ನ ಸೋದರಮಾವನದು. ಬೆಟ್ಟಗಳನ್ನು ಅಳೆಯುವ ಸರ್ವೇ ಕೆಲಸದಲ್ಲಿದ್ದ ಮಾವ ನಿವೃತ್ತಿಯಾದ ದಿನ ಅದನ್ನು ತಳ್ಳಿಕೊಂಡು ಬಂದು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದರು. ಸ್ವಂತ ಮಗ ಕೇಳಿದರೂ ಕೊಡಲಿಲ್ಲ. "ಅವನಿಗೆ ತಾಳ್ಮೆ ಇಲ್ಲ ಕಣೆ. ನಿನಗೂ ಇಲ್ಲ, ಆದರೆ ನಿನಗೆ ಹಟ ಇದೆ" ಎಂದರು. ಮನೆಯಲ್ಲಿ ಅದಕ್ಕೆ ‘ಮುಂಗೋಪಿ’ ಎಂದೇ ಹೆಸರು. ಕಾರಣ ಹೇಳುತ್ತೇನೆ, ಕಿವಿಗೊಟ್ಟು ಕೇಳಿ, ನಿಮ್ಮ ಕಾಲಿಗೆ ಸಂಬಂಧಿಸಿದ ವಿಚಾರ. ಒಂಟಿ ಸಿಲಿಂಡರಿನ ದೊಡ್ಡ ಎಂಜಿನ್ನು ಹೊಟ್ಟೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಆ ಉಸಿರನ್ನು ಮೊದಲು ಬಿಡಿಸಬೇಕು, ಆಮೇಲೆ ಒದೆಯಬೇಕು. ಬಿಡಿಸದೆ ಒದ್ದರೆ ಕಿಕ್ಕರ್ ಒದ್ದಷ್ಟೇ ಜೋರಾಗಿ ವಾಪಸ್ ಒದೆಯುತ್ತದೆ. ಉಸಿರು ಬಿಡಿಸಲು ಒಂದು ಸಣ್ಣ ಸನ್ನೆ, ಅಂದರೆ ಬೆರಳಿನಿಂದ ಎಳೆಯುವ ಲಿವರ್, ಇದೆ. ಕಂಪನಿಯವರು ಕೊಟ್ಟದ್ದು ಎಂದೋ ಮುರಿದುಹೋಯಿತು. ಮಾವ ನಮ್ಮ ಅಜ್ಜಿಯ ಅಡುಗೆಮನೆಯ ಒಂದು ಸಾಮಾನಿನಿಂದ ಬೇರೆಯದನ್ನು ಮಾಡಿ, ಯಾವ ಮೆಕ್ಯಾನಿಕ್ಕೂ ಕೈಹಾಕದ ಜಾಗದಲ್ಲಿ ಕೂರಿಸಿದರು. ಆ ಸಾಮಾನು ಯಾವುದು, ಜಾಗ ಯಾವುದು ಎಂದು ಇಲ್ಲಿ ಬರೆಯುತ್ತೇನೆಂದು ಆಸೆಯಿಂದ ಓದುತ್ತಿದ್ದರೆ, ಪಾಪ, ಓದುತ್ತಲೇ ಇರಿ.

ಆ ಸನ್ನೆಯನ್ನು ಮರೆತು ಒದ್ದವರ ಬಲಗಾಲಿನ ಮುಂಗೈ, ಅಲ್ಲ, ಮುಂಗಾಲಿನ ಮೂಳೆಯ ಮೇಲೆ ಮುಂಗೋಪಿ ತನ್ನ ಸಹಿ ಹಾಕುತ್ತದೆ. (ಕೋಪದಲ್ಲಿ ಬರೆಯುವಾಗ ಕೈ ಯಾವುದು ಕಾಲು ಯಾವುದು ತಿಳಿಯುವುದಿಲ್ಲ, ಕ್ಷಮೆ ಇರಲಿ.) ಮಾವನ ಕಾಲಿನ ಮೇಲೆ ಆ ಗುರುತಿತ್ತು. ನನ್ನ ಕಾಲಿನ ಮೇಲಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಂದೆ ಗಂಡಸುತನ ತೋರಿಸಲು ಹೋದ ನನ್ನ ಗಂಡನ ಕಾಲಿನ ಮೇಲೂ ಇದೆ. ಅವರು ಅಂದಿನಿಂದ ಆ ಗಾಡಿಯನ್ನು ‘ನಿಮ್ಮ ಕಡೆಯವರು’ ಎಂದು ಕರೆಯುತ್ತಾರೆ. ಬೇರೆ ಯಾರ ಕಾಲಿನ ಮೇಲೂ ಆ ಗುರುತು ಇರಬಾರದು, ಏಕೆಂದರೆ ಬೇರೆ ಯಾರೂ ಅದನ್ನು ಒದ್ದಿಲ್ಲ.

ಈಗ ತಪಾಸಣೆಯ ದಿನಕ್ಕೆ ಬರೋಣ. ಹಳೆಯ ಗಾಡಿಗಳೆಲ್ಲ ಬಂದು ಯೋಗ್ಯತೆ ತೋರಿಸಬೇಕು ಎಂದಿರಿ, ನಾನೂ ತಂದು ನಿಲ್ಲಿಸಿದೆ. ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳನ್ನೆಲ್ಲ ನಿಮ್ಮ ಸಿಬ್ಬಂದಿ ನೋಡುತ್ತಿದ್ದರು. ನೀವು ಮೇಲಿನ ಕಿಟಕಿಯಿಂದ ನೋಡಿದಿರಿ, ನೋಡಿದವರು ಕೆಳಗಿಳಿದು ಬಂದಿರಿ. ಟ್ರಕ್ಕಿನವರು ಗಂಟೆಗಟ್ಟಲೆ ಕೂಗಿದರೂ ಇಳಿಯದ ನೀವು ಒಂದು ಮುದಿ ಬೈಕಿಗಾಗಿ ಇಳಿದಿರಲ್ಲ, ಆಗಲೇ ನನಗೆ ಹೊಳೆಯಬೇಕಿತ್ತು. ಸುತ್ತ ಒಂದು ಪ್ರದಕ್ಷಿಣೆ ಹಾಕಿದಿರಿ. ಟ್ಯಾಂಕನ್ನು ಅಂಗೈಯಿಂದ ಸವರಿದಿರಿ. "ಈ ಮಾಡೆಲ್ಲು ಈಗ ಎಲ್ಲೂ ಸಿಗಲ್ಲ, ಗೊತ್ತಾ ಮೇಡಂ? ಕೊಡ್ತೀರಾ?" ಎಂದಿರಿ. "ಇಲ್ಲ ಸರ್, ಕೆಲಸದ ಗಾಡಿ" ಎಂದೆ. ನಿಮ್ಮ ಮುಖ ಬಾಗಿಲು ಹಾಕಿಕೊಂಡಿತು. "ಹಾಗಾದ್ರೆ ಬಿಟ್ಟು ಹೋಗಿ. ಹೊಗೆ ನೋಡ್ಬೇಕು, ಬ್ರೇಕ್ ನೋಡ್ಬೇಕು, ಟೈಮ್ ಹಿಡಿಯುತ್ತೆ" ಎಂದಿರಿ. ಬಿಟ್ಟು ಬಂದೆ. ಕಾನೂನಿಗೆ ತಲೆಬಾಗುವ ಮನೆತನ ನಮ್ಮದು. ಅದೇ ನಮ್ಮ ಗ್ರಹಚಾರ.

ಆಮೇಲೆ ಬಂದದ್ದು ತೀರ್ಪು. ವಾಹನ ಅಯೋಗ್ಯ, ಅಪಾಯಕಾರಿ, ಆದ್ದರಿಂದ ನಿಯಮದಂತೆ ಜಜ್ಜಿಹಾಕಲಾಗಿದೆ. ಅಷ್ಟು ಅವಸರವೇನಿತ್ತು ಎಂದು ಕೇಳಲು ಬಂದೆ. ನೀವು ಸಿಗಲಿಲ್ಲ. ಅಳು ತಡೆದುಕೊಂಡು, ಕೊನೆಗೆ ಅವಶೇಷವನ್ನಾದರೂ ಕೊಡಿ ಎಂದೆ. ಗೋಣಿಚೀಲದಲ್ಲಿ ಒಂದು ಕಬ್ಬಿಣದ ಮುದ್ದೆಯನ್ನು ತಂದು ನನ್ನ ಕಾಲ ಬಳಿ ಧೊಪ್ಪನೆ ಹಾಕಿದರು. ಮನೆಗೆ ಒಯ್ದು, ಅಂಗಡಿಯ ಮೇಜಿನ ದೀಪದ ಕೆಳಗಿಟ್ಟು ನೋಡಿದೆ. ಮುದ್ದೆಯೊಳಗೆ ಎರಡು ಸೈಲೆನ್ಸರುಗಳು ತಬ್ಬಿಕೊಂಡು ಮಲಗಿದ್ದವು. ಒಂದೇ ಸಿಲಿಂಡರಿನ, ಒಂದೇ ಸೈಲೆನ್ಸರಿನ ನನ್ನ ಗಾಡಿ ನಿಮ್ಮ ಅಂಗಳದಲ್ಲಿ ಅವಳಿ ಹೆತ್ತಿತೇ ಸ್ವಾಮೀ? ಸುಳ್ಳು ಹೇಳುವುದಾದರೆ ಸ್ವಲ್ಪ ಶ್ರಮಪಟ್ಟು ಹೇಳಬಾರದೇ? ನನ್ನ ಕಿವಿಯ ಮೇಲೆ ಹೂವಿಡಲು ಹೊರಟವರು ಒಳ್ಳೆಯ ಹೂವನ್ನಾದರೂ ಹುಡುಕಬೇಡವೇ?

ಒಂದು ದೂರು ಬರೆದು ನಿಮ್ಮ ಕಚೇರಿಗೇ ಕೊಟ್ಟೆ. ಅನುಮಾನವಿತ್ತು, ಆಧಾರವಿರಲಿಲ್ಲ. ಆಧಾರ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂತು. ನಿಮ್ಮ ಕಾರಿನ ಚಾಲಕ, ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಬಂದು ಕೂತ. ಕಡ್ಡಿ ಗಟ್ಟಿಯಾಗಿಯೇ ಇತ್ತು. ನಾನು ಒರೆಸುವಂತೆ ಮಾಡುತ್ತಾ ಕಾದೆ. ಅವನು ಗೋಡೆಯ ಮೇಲಿನ ಅಕ್ಷರದ ಪಟವನ್ನು ನೋಡುತ್ತಾ ಕೇಳಿದ:

"ಅಮ್ಮಾ, ಸುಮ್ನೆ ಕೇಳ್ತೀನಿ. ನಿಮ್ಮದೊಂದು ಹಳೇ ಗಾಡಿ ಇತ್ತಲ್ಲ, ಅದನ್ನ ಹೆಂಗೆ ಸ್ಟಾರ್ಟ್ ಮಾಡ್ತಿದ್ರಿ?"

"ಯಾಕಪ್ಪಾ? ಗೋಣಿಚೀಲನ ಸ್ಟಾರ್ಟ್ ಮಾಡ್ತೀಯಾ?"

"ಅಯ್ಯೋ, ಇಲ್ಲಮ್ಮ. ಅದು ಹೋಯ್ತಲ್ಲ. ಮತ್ತೆ... ಸುಮ್ನೆ ತಿಳ್ಕೊಳ್ಳೋಣ ಅಂತ."

ಸತ್ತ ಗಾಡಿಯನ್ನು ಸ್ಟಾರ್ಟ್ ಮಾಡುವ ವಿಧಾನ ಯಾರಿಗೆ ಬೇಕು? ಅದು ಬದುಕಿದೆ ಎಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಒರೆಸಿದ ಕನ್ನಡಕವನ್ನೇ ಖುಷಿಗೆ ಇನ್ನೊಮ್ಮೆ ಒರೆಸಿದೆ. ಖುಷಿಯ ಹಿಂದೆಯೇ ಸಿಟ್ಟೂ ಬಂತು.

"ತುಂಬಾ ಸುಲಭ" ಎಂದೆ. "ಎದ್ದು ನಿಂತು, ಮೈಭಾರ ಎಲ್ಲ ಹಾಕಿ, ಜೋರಾಗಿ ಒದೀಬೇಕು. ಇದು ನನ್ನ ಗಾಡಿ ಅನ್ನೋ ಹಕ್ಕಿನಿಂದ ಒದೀಬೇಕು."

"ನಾನು ಒದ್ರೆ ಆಗುತ್ತಾ?"

"ನೀನು ಮಾತ್ರ ಮುಟ್ಟಬೇಡ ಮಗನೇ. ಮಾಲೀಕರೇ ಒದೀಬೇಕು. ಮಾಲೀಕರ ಕಾಲಿಗಷ್ಟೇ ಅದು ಉತ್ತರ ಕೊಡೋದು."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸ್ವಲ್ಪ ಬಿಟ್ಟು ಹೇಳಿದೆ, ಅಷ್ಟೆ. ಕಡತಗಳಲ್ಲಿ ಸ್ವಲ್ಪ ಬಿಟ್ಟು ಬರೆಯುವುದು ನಿಮಗೂ ರೂಢಿಯಲ್ಲವೇ? ಇನ್ನು ಆ ಚಾಲಕನ ಮೇಲೆ ಹಲ್ಲು ಕಡಿಯಬೇಡಿ. ಅವನು ನನಗೆ ಏನನ್ನೂ ಹೇಳಲಿಲ್ಲ, ನೀವು ಕಳಿಸಿದಿರೆಂದು ಕೇಳಿದ, ಅಷ್ಟೆ. ನಾಳೆ ಅವನನ್ನು ದೂರದ ಊರಿಗೆ ಎತ್ತಿಹಾಕಿದರೆ ಇನ್ನೊಂದು ಪತ್ರ ಬರೆಯಲು ನನ್ನ ಪೆನ್ನಿನಲ್ಲಿ ಮಸಿ ಇದೆ.

ಆ ವಾರ ಕಳೆದು ನನ್ನ ದೂರಿನ ವಿಚಾರಣೆಗೆ ಕರೆ ಬಂತು. ನಿಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕಾರಿಡಾರಿನ ಆ ತುದಿಯಿಂದ ಟಕ್, ಸರ್ರ್, ಟಕ್, ಸರ್ರ್ ಎಂದು ಸದ್ದು. ಊರುಗೋಲು ಮುಂದೆ, ನೀವು ಹಿಂದೆ, ಬಲಗಾಲಿಗೆ ಮೊಣಕಾಲಿನವರೆಗೆ ಹೊಸ ಪ್ಲಾಸ್ಟರ್. ಸಾಹೇಬರೇ, ನಿಜ ಹೇಳುತ್ತೇನೆ, ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. (ಗಂಡ ಇದನ್ನು ಓದಿ ನಕ್ಕರು, ಒಪ್ಪಿದರು.) ಏನಾಯಿತು ಎಂದು ವಿನಯದಿಂದ ಕೇಳಿದೆ. "ಬಚ್ಚಲಲ್ಲಿ ಜಾರಿದೆ" ಎಂದಿರಿ. ಬಚ್ಚಲಲ್ಲಿ ಜಾರಿದವರ ಸೊಂಟ ಮುರಿದದ್ದು ನೋಡಿದ್ದೇನೆ, ಮೊಣಕೈ ಮುರಿದದ್ದು ನೋಡಿದ್ದೇನೆ. ಕೆಳಗಿನಿಂದ ಮೇಲಕ್ಕೆ ಎದ್ದು ಮುಂಗಾಲಿಗೆ ಒದೆಯುವ ಬಚ್ಚಲನ್ನು ನೋಡಿಲ್ಲ. ಅಂಥ ಬಚ್ಚಲಿದ್ದರೆ ಅದನ್ನೂ ತಪಾಸಣೆಗೆ ಕರೆಸಿ. ವಿಚಾರಣೆ ಏನಾಯಿತೆಂದು ಕೇಳುವಿರಾ ಓದುಗರೇ? ಆರೋಪಿಯೇ ನ್ಯಾಯಾಧೀಶರ ಕುರ್ಚಿಯಲ್ಲಿ ಕಾಲು ಚಾಚಿ ಕೂತರೆ ಏನಾಗಬೇಕೋ ಅದೇ ಆಯಿತು.

ಇದು ಒಬ್ಬ ಹೆಂಗಸಿನ ಹಳೆಯ ಬೈಕಿನ ವ್ಯಾಮೋಹ, ಬಿಡಿ, ಎಂದು ನೀವು ಸುತ್ತಲಿನವರಿಗೆ ಹೇಳುತ್ತಿದ್ದೀರಂತೆ. ವ್ಯಾಮೋಹ ಯಾರದೆಂದು ಪ್ಲಾಸ್ಟರ್ ನೋಡಿದವರು ಹೇಳಲಿ. ನನ್ನ ಕಷ್ಟ ಬೇರೆ. ಗಾಡಿ ಹೋದ ಮೇಲೆ ಒಮ್ಮೆ ಬೆಟ್ಟಕ್ಕೆ ನಡೆದೇ ಹೋದೆ. ಮಸೂರದ ಪೆಟ್ಟಿಗೆ ಹೊರುವ ಶಕ್ತಿ ನನ್ನ ಮಂಡಿಗಳಿಗಿಲ್ಲ, ಬರಿಗೈಲೇ ಹೋದೆ. ಮೇಲಿನ ಊರಿನಲ್ಲಿ ಹೆರಿಗೆ ಮಾಡಿಸುವ ಅಜ್ಜಿ ಒಬ್ಬರಿದ್ದಾರೆ. ಆ ಕಡೆಯ ಮನೆಗಳಿಗೆಲ್ಲ ಅವರೊಬ್ಬರೇ ದಿಕ್ಕು. ಹಳೆಯ ಕನ್ನಡಕ ಅವರ ಕಣ್ಣಿಗೆ ಸಾಲದಾಗಿ ಬಹಳ ಕಾಲವಾಗಿತ್ತು, ಆ ವಾರ ಪರೀಕ್ಷಿಸಿ ಮುಂದಿನ ವಾರ ಹೊಸದು ಕೊಡುವುದೆಂದಿತ್ತು. ನನ್ನ ಖಾಲಿ ಕೈ ನೋಡಿ ಅವರು ಬೈಯಲಿಲ್ಲ. "ಕೈಯಲ್ಲೇ ಸವರಿ ಕೆಲಸ ಮಾಡ್ತೀನಿ ಮಗಳೇ, ಕೈಗೆ ಅಭ್ಯಾಸ ಇದೆ. ಆದರೆ ಹುಟ್ಟಿದ ಕೂಸು ಕೆಂಪಗಿದೆಯೋ ನೀಲಿಗಟ್ಟಿದೆಯೋ, ಅದು ಕೈಗೆ ಗೊತ್ತಾಗಲ್ವಲ್ಲ" ಎಂದರು. ಇಳಿದು ಬರುವಾಗ ದಾರಿಯುದ್ದಕ್ಕೂ ಅತ್ತೆ. ನಿಮ್ಮನ್ನು ಶಪಿಸುತ್ತಲೂ ಬಂದೆ. ನೀವು ನಿಮ್ಮ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಸವರುತ್ತಿರುವುದು ಬರೀ ಟ್ಯಾಂಕನ್ನಲ್ಲ ಸ್ವಾಮೀ.

ಹೌದು, ಶೆಡ್ಡು. ಹಿಂದೊಮ್ಮೆ ಕನ್ನಡಕ ತಲುಪಿಸಲು ನಿಮ್ಮ ಮನೆಗೆ ಬಂದಾಗ ನೋಡಿದ್ದೆ, ಮುರುಕು ಕುರ್ಚಿಗಳಿದ್ದವು, ಬಾಗಿಲೇ ಇರಲಿಲ್ಲ. ಮೊನ್ನೆ ರಸ್ತೆಯಿಂದ ಕಂಡೆ: ಹೊಸ ಬಾಗಿಲು, ಹೊಸ ಬೀಗ. ಮುರುಕು ಕುರ್ಚಿಗಳ ಬೆಲೆ ಏರಿದೆಯೋ?

ನನ್ನ ಬೇಡಿಕೆ ದೊಡ್ಡದಲ್ಲ. ಪರಿಹಾರ ಬೇಡ, ಕ್ಷಮಾಪಣೆಯ ಪತ್ರ ಬೇಡ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮುಂಗೋಪಿಯನ್ನು ನೀವೇ ತಳ್ಳಿಕೊಂಡು ಬರಬೇಕು. ಟ್ರಕ್ಕಿನಲ್ಲಿ ಹಾಕಿ ಕಳಿಸುವಂತಿಲ್ಲ, ಚಾಲಕನ ಕೈಗೆ ಕೊಡುವಂತಿಲ್ಲ. ಹಗಲಿನಲ್ಲಿ, ಅಂಗಡಿಗಳೆಲ್ಲ ತೆರೆದಿರುವಾಗ, ಪೇಟೆ ಬೀದಿಯ ಉದ್ದಕ್ಕೂ, ಯಾರು ಏನು ಕೇಳಿದರೂ ನಿಂತು ಉತ್ತರ ಹೇಳುತ್ತಾ ಬರಬೇಕು. ನನ್ನ ಅಂಗಡಿಯ ಮುಂದೆ, ಮಾವ ಅಂದು ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಬೇಕು. ಅಲ್ಲಿಯವರೆಗೆ ನಿಮ್ಮ ಕನ್ನಡಕದ ಎಡಗಡೆಯ ಸ್ಕ್ರೂ ಬಿಗಿ ಮಾಡಿಕೊಡಲಾಗುವುದಿಲ್ಲ. ಅದು ಸಡಿಲವಾಗಿರುವುದನ್ನು ವಿಚಾರಣೆಯ ದಿನವೇ ಗಮನಿಸಿದ್ದೇನೆ. ಬೀಳುತ್ತದೆ.

ಇದಾವುದೂ ಬೇಡ, ಇನ್ನೊಂದು ಉಪಾಯವಿದೆ ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿರಬಹುದು. ನಿಮ್ಮ ಮನೆಯ ಮುಂದಿನ ರಸ್ತೆ ಒಳ್ಳೆಯ ಇಳಿಜಾರು. ಒದೆಯುವ ಗೊಡವೆಯೇ ಇಲ್ಲದೆ, ಹಿಂದಿನಿಂದ ಇಬ್ಬರು ತಳ್ಳಿ, ಗೇರಿಗೆ ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಖಂಡಿತ ಆಗುತ್ತದೆ, ಮಾಡಿ ನೋಡಿ. ಆದರೆ ಕೀಲಿ ತಿರುಗಿಸಿದರೆ ನಮ್ಮ ಮುಂಗೋಪಿ ನಿಲ್ಲುವುದಿಲ್ಲ. ಆ ಕೀಲಿ ಕೆಟ್ಟು ಎಷ್ಟೋ ಕಾಲವಾಯಿತು, ಅದರಿಂದ ದೀಪವಷ್ಟೇ ಆರುತ್ತದೆ. ಮುಂದಿನ ಬ್ರೇಕು ಹೆಸರಿಗೆ ಮಾತ್ರ. ಹಿಂದಿನ ಬ್ರೇಕು ಚೆನ್ನಾಗಿದೆ, ಆದರೆ ಅದನ್ನು ಒತ್ತಬೇಕಾದದ್ದು ಬಲಗಾಲಿನಿಂದ. ಎಂಜಿನ್ನನ್ನು ನಿಲ್ಲಿಸುವುದಕ್ಕೂ ಬೇಕಾದದ್ದು ಅದೇ ಸಣ್ಣ ಸನ್ನೆ, ಅಜ್ಜಿಯ ಅಡುಗೆಮನೆಯದು. ನಿಮ್ಮ ಇಳಿಜಾರು ನೇರವಾಗಿ ಪೇಟೆ ಬೀದಿಗೇ ಇಳಿಯುತ್ತದೆ. ಡುಗ್ ಡುಗ್ ಸದ್ದು ಕೇಳಿದರೆ ಈ ಬೀದಿಯ ದರ್ಜಿ, ಕ್ಷೌರಿಕ, ಔಷಧಿ ಅಂಗಡಿಯವರು, ಎಲ್ಲರೂ ಅದು ಯಾರ ಗಾಡಿ ಎಂದು ನೋಡದೆಯೇ ಹೇಳುತ್ತಾರೆ. ನಾನು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತೇನೆ. ನಿಲ್ಲಿಸುವುದು ಹೇಗೆ ಎಂದು ಕೂಗಿ ಕೇಳಿ. ಕೇಳಿದ ಕೂಡಲೇ ಹೇಳಿಬಿಡುತ್ತೇನೆಂದು ಮಾತ್ರ ಭಾವಿಸಬೇಡಿ.

ಇಂತಿ,
ನಿಮ್ಮ ಕಣ್ಣಿನ ನಂಬರನ್ನೂ ಕಾಲಿನ ಕಾರಣವನ್ನೂ ಬಲ್ಲ,
ಸದ್ಯಕ್ಕೆ ನಡೆದೇ ಓಡಾಡುತ್ತಿರುವ
ಕನ್ನಡಕದ ಅಂಗಡಿಯವಳು