ಮನುಷ್ಯನ ಅಳತೆಯ ಬಟ್ಟೆ

ಮೈದುನ ಫೈದಿಮನಿಗೆ ಮೆಲಿನ್ನಳ ಹಾರೈಕೆಗಳು.

ಜ್ಯೂಸ್ ದೇವರ ಬಲಿಪೀಠ ತಬ್ಬಿ ಮರೆಹೊಕ್ಕವನನ್ನು ನಿನ್ನಣ್ಣ ಎಳೆದು ಕೊಂದದ್ದೂ, ದೇವರು ಅವನನ್ನು ತೋಳವಾಗಿಸಿದ್ದೂ ನಿನಗೆ ಗೊತ್ತು. ಚಳಿಗಾಲವಿಡೀ ಅವನು ಹಿತ್ತಲಿಗೆ ಬರುತ್ತಿದ್ದ. ಹೆಸರು ಕರೆದರೆ ಕಿವಿ ನಿಮಿರಿಸಿ, ನಾನಿಟ್ಟ ಬಾರ್ಲಿ ರೊಟ್ಟಿ ತಿಂದು ಹೋಗುತ್ತಿದ್ದ. “ಇನ್ನೂ ಗಂಡನಿಗೆ ರೊಟ್ಟಿ ಸುಡ್ತಿದೀಯೇನೇ?” ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು. ಅವನಿಗಿನ್ನೂ ನನ್ನ ಗುರುತಿದೆಯೆಂದೇ, ಅವನ ಬೇಟೆಗೆ ಬರಬೇಡವೆಂದು ನಿನಗೆ ಎರಡು ಸಲ ಹೇಳಿಕಳಿಸಿದ್ದೆ.

ನಿನ್ನೆ ಅವನು ನನ್ನ ಕಾಲ ಬಳಿಯಿದ್ದ ಕುರಿಮರಿಯನ್ನೇ ಕಚ್ಚಿದ. “ನಿಕಾಂದ್ರಾ, ನಾನು ಕಣೋ!” ಎಂದೆ. ಹಲ್ಲು ತೋರಿಸಿ ಗುರುಗುಟ್ಟಿದ.

ಈಗ ಬಾ. ನಾಯಿಗಳು ಬೇಡ, ಅವು ಎಳೆದಾಡುತ್ತವೆ. ಒಂದೇ ಬಾಣ ಸಾಕಾಗುವಂತೆ ಗುರಿಯಿಡು. ಚರ್ಮ ಸುಲಿಯಬೇಡ. ಹೂಳುವಾಗ ಹೊದಿಸಲು ಬಟ್ಟೆ ನೇಯುತ್ತಿದ್ದೇನೆ, ಮನುಷ್ಯನ ಅಳತೆಗೇ.

ನಿನ್ನ ದಾರಿ ಕಾಯುತ್ತಿರುವ ಅತ್ತಿಗೆ,
ಮೆಲಿನ್ನ