ನಜೀರಸಾಬನ ಗಾದಿ

ಬೆಟಗೇರಿ
ತಾ. 18-4-1983, ಸೋಮವಾರ

ನನ್ನ ಮುದ್ದಿನ ಮೊಮ್ಮಗ ದಸ್ತಗೀರನಿಗೆ, ನಿನ್ನ ಅಜ್ಜ ಮಲಂಗಸಾಬ ಕೂತಲ್ಲಿಂದಲೇ ತಲೆ ಸವರಿ ಮಾಡುವ ದುವಾ.

ಹೇಗಿದ್ದೀಯಪ್ಪಾ? ವಾಸ್ಕೋದ ಉಪ್ಪು ಗಾಳಿ ಮೈಗೆ ಹಿಡಿಸಿತೋ ಇಲ್ಲವೋ? ದಿನಾ ಮೀನು ತಿಂದು ಜೋಳದ ರೊಟ್ಟಿಯ ರುಚಿ ಮರೆತಿರಬೇಕು. ಹೊಲಿಗೆ ಅಂಗಡಿಯ ಮಾಲೀಕ ರಜೆ ಕೊಡುವುದಿಲ್ಲ ಎಂದು ಬರೆದಿದ್ದೆ. ಅವನ ಮಿಷನ್ನಿನ ಸೂಜಿ ಮುರಿಯಲಿ. ನನ್ನ ಸಮಾಚಾರ ಕೇಳಿದರೆ, ಮೊಣಕಾಲು ಮಾತು ಕೇಳುವುದಿಲ್ಲ, ಬಾಯಲ್ಲಿ ಹಲ್ಲಿಲ್ಲ, ಕಣ್ಣು ಅರ್ಧಕ್ಕೆ ಬಂದಿದೆ. ಕಿವಿ ಮಾತ್ರ ಹರೆಯದಲ್ಲಿ ಹೇಗಿತ್ತೋ ಹಾಗೇ ಇದೆ. ಅರಳೆ ಹಿಂಜುವ ಬಿಲ್ಲಿನ ನರ ಒಂದಿಷ್ಟು ಸಡಿಲಾದರೂ ಓಣಿಯ ಆ ತುದಿಯಿಂದಲೇ ಹೇಳಿಬಿಡುತ್ತೇನೆ. ನಿನ್ನ ಅವ್ವ ಆರಾಮ ಇದ್ದಾಳೆ ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಹಿತ್ತಲಿನ ಆಡು ಮರಿ ಹಾಕಿದೆ. ಉಗಾದಿಗೆ ಪಕ್ಕದ ಮನೆಯ ಅಮೃತವ್ವ ಹೋಳಿಗೆ ಕಳಿಸಿದ್ದಳು. ನಿನ್ನ ಪಾಲನ್ನೂ ನಾನೇ ತಿಂದೆ, ಸಿಟ್ಟಾಗಬೇಡ.

ಸಿಟ್ಟು ಎಂದರೆ ನೆನಪಾಯಿತು. ನಿನ್ನ ಪತ್ರ ಮುಟ್ಟಿತು. ಲೇ ಮಗನೇ, "ಅವ್ವ ನಜೀರಸಾಬನ ಜೊತೆ ನಿಕಾ ಮಾಡಿಕೊಂಡರೆ ನನಗೆ ಅವ್ವ ಇಲ್ಲ ಎಂದು ತಿಳಿಯುತ್ತೇನೆ" ಎಂದು ಬರೆದಿದ್ದೀಯಲ್ಲ, ಬರೆಯುವಾಗ ಅವಳ ಮೋರೆ ನೆನಪಾಗಲಿಲ್ಲವೇ? ಅವಳು ಓದು ಬಾರದ ಹೆಂಗಸು. "ಮಗ ಏನ ಬರದಾನ್ರಿ ಮಾವಾರ?" ಎಂದು ಸೆರಗಿಗೆ ಕೈ ಒರೆಸುತ್ತ ಎದುರಿಗೆ ಬಂದು ಕೂತಳು. ನಾನು ಆ ಸಾಲನ್ನು ಹಾರಿಸಿ ಓದಲು ನೋಡಿದೆ. ನನ್ನ ಮೋರೆ ನೋಡಿಯೇ ಹಿಡಿದುಬಿಟ್ಟಳು, ಓದಿಸದೆ ಬಿಡಲಿಲ್ಲ. ಅಳಲಿಲ್ಲ. ಹೊಲಿಯುತ್ತಿದ್ದ ಗಾದಿಯ ದಾರವನ್ನು ಹಲ್ಲಿನಿಂದ ಕಡಿದು, "ನನ್ನ ಮಗ ಹೂಂ ಅನ್ನೂ ತನಕ ಈ ಮಾತು ನಮ್ಮ ಮನ್ಯಾಗ ಬ್ಯಾಡ್ರಿ" ಎಂದು ಹಿತ್ತಲಿಗೆ ಎದ್ದು ಹೋದಳು. ಈಗ ಎಲ್ಲವೂ ನಿನ್ನ ಒಂದು ಹೂಂ ಮೇಲೆ ನಿಂತಿದೆ. ಅದಕ್ಕೇ ಕಟ್ಟೆಯ ಮೇಲೆ ಕೂತು, ಅರ್ಧ ಕಣ್ಣಲ್ಲಿ, ಈ ಪತ್ರ ಬರೆಯುತ್ತಿದ್ದೇನೆ.

ನೀನು ನಜೀರಸಾಬನನ್ನು ನೋಡಿದವನಲ್ಲ. ನೋಡದ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಸುಲಭ, ಆದ್ದರಿಂದ ಅವನ ಸುದ್ದಿ ಪೂರ್ತಿ ಹೇಳುತ್ತೇನೆ. ಮುಂಡರಗಿ ಕಡೆಯವನು. ಗದಗಿನ ಹತ್ತಿ ಪ್ರೆಸ್ಸಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಹೊರುವ ಹಮಾಲ. ಆಳು ನೋಡಿದರೆ ಬಾಗಿಲ ತುಂಬ, ಮಾತು ಮಾತ್ರ ಚಿಮಟಿಯಷ್ಟು. ನೀನು ಗೋವಾಕ್ಕೆ ಹೋದ ವರ್ಷವೇ ಅವನ ಹೆಂಡತಿ ಶಮಶಾದಬಿ ತೀರಿಕೊಂಡಳು. ಮಕ್ಕಳಿಲ್ಲ. ಸತ್ತವರು ಮಲಗಿದ ಗಾದಿಯನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇವನು ಅದನ್ನು ಸುರುಳಿ ಸುತ್ತಿ ಸೈಕಲ್ಲಿನ ಮೇಲೆ ಹೇರಿಕೊಂಡು ನಮ್ಮ ಬಾಗಿಲಿಗೆ ಬಂದ. "ಇದನ್ನ ಹಿಂಜಿ ಕೊಡ್ರಿ. ಇದರಾಗಿನ ಅರಳಿ ಬ್ಯಾರೆ ಅರಳಿ ಕೂಡ ಕೂಡಿಸಬ್ಯಾಡ್ರಿ" ಎಂದ. ನಿನ್ನ ಅವ್ವನ ಬಾಯಿ ನಿನಗೆ ಗೊತ್ತಲ್ಲ. "ನಿಮ್ಮ ಅರಳಿ ಏನ್ ಬಂಗಾರದ್ದೇನ್ರಿ, ಕದ್ದು ಇಟ್ಕೊಳ್ಳಾಕ?" ಎಂದು ಹಾರಿ ಬಿದ್ದಳು. ಅವನು ತಲೆ ಬಗ್ಗಿಸಿ, "ಬಂಗಾರ ಅಲ್ರಿ, ಆಕಿ ಮಲಗಿದ್ದಳು" ಎಂದ. ನಿನ್ನ ಅವ್ವ ಆ ಅರಳೆಗೆ ಬೇರೆಯೇ ಚಾದರ ಹಾಸಿ ಹಿಂಜಲು ಕೂತಳು.

ಗಾದಿಯನ್ನು ಒಮ್ಮೆ ಹಿಂಜಿಸಿದರೆ ನಾಲ್ಕೈದು ವರ್ಷ ಚಿಂತೆಯಿಲ್ಲ. ಈ ಪುಣ್ಯಾತ್ಮ ಮೊಹರಂಗೆ ಹಿಂಜಿಸಿಕೊಂಡು ಹೋದವನು ಬನ್ನಿ ಹಬ್ಬಕ್ಕೆ ಮತ್ತೆ ಹೊತ್ತುಕೊಂಡು ಬಂದ. ಗಂಟುಗಂಟಾಗಿದೆ ಅಂತೆ! ನಾನು ಕೈಯಾಡಿಸಿ ನೋಡಿದೆ, ಬೆಣ್ಣೆಯ ಹಾಗಿತ್ತು. ಬಾಯಿ ಮುಚ್ಚಿಕೊಂಡು ಕೂತೆ. ಆಮೇಲೆ ತಲೆದಿಂಬು ತಂದ. ಆಮೇಲೆ ಮತ್ತೆ ಗಾದಿ. ಅಮೃತವ್ವ ಮಗ್ಗದ ಗುಣಿಯಲ್ಲಿ ಕೂತಲ್ಲಿಂದಲೇ, "ಯಾರಿಗೋ ಗಾದಿ ಚುಚ್ಚತೈತಂತವಾ, ರಾತ್ರಿ ನಿದ್ದಿ ಇಲ್ಲಂತ" ಎಂದು ಹಾಡಿದ ಹಾಗೆ ಹೇಳಿದಳು. ಯಾರೂ ಕೇಳದಿದ್ದರೂ ಇವನು ಗಡಬಡಿಸಿ, "ನನಗಲ್ರಿ, ನನಗ ನಿದ್ದಿ ಬರತೈತ್ರಿ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ನಿನ್ನ ಅವ್ವ ಬಿಲ್ಲು ಹಿಡಿದು ಗಂಟು ಮೋರೆ ಹಾಕಿಕೊಂಡೇ ಇದ್ದಳು, ಆದರೆ ಅವತ್ತಿನ ಚಹಾದಲ್ಲಿ ಅವನ ಕಪ್ಪಿಗೆ ಸಕ್ಕರೆ ಎಷ್ಟು ಬಿತ್ತೆಂದು ನಾನು ಕಂಡಿದ್ದೇನೆ.

ಹಿಂಜಿದ ಹಾಗೆಲ್ಲ ಅರಳೆ ಹಾರಿ ಹೋಗುತ್ತದೆ. ಹೀಗೇ ನಡೆದರೆ ಶಮಶಾದಬಿಯ ಗಾದಿ ರೊಟ್ಟಿಯಷ್ಟು ತೆಳ್ಳಗಾಗಬೇಕಿತ್ತು, ಆಗಲಿಲ್ಲ. ಯಾಕೆ ಗೊತ್ತೇ? ನಿನ್ನ ಅವ್ವ ಪ್ರತಿ ಸಲ ನಮ್ಮ ಹೊಸ ಅರಳೆಯನ್ನು ಒಂದು ಹಿಡಿ, ಎರಡು ಹಿಡಿ ಅದರಲ್ಲಿ ಸೇರಿಸಿ ಹೊಲಿಯುತ್ತಿದ್ದಳು. ಕೂಡಿಸಬೇಡ ಎಂದು ಅವನು ಹೇಳಿದ್ದನ್ನು ಇವಳು ಮೀರಿದಳು, ಅವನಿಗೆ ಹೇಳಲೂ ಇಲ್ಲ. ಒಂದು ದಿನ ನಾನೇ ತಡೆಯಲಾರದೆ ಅವನಿಗೆ ಹೇಳಿಬಿಟ್ಟೆ. ಅವನು ನಕ್ಕ. ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಅಂಡಿಗಿ ಹೊರೋ ಹೆಗಲಿಗೆ ತೂಕ ತಿಳಿಯೂದಿಲ್ಲೇನ್ರಿ ಕಾಕಾ? ಮದಲನೇ ಸಲದಿಂದನ ಗೊತ್ತೈತಿ" ಎಂದ. ದಸ್ತಗೀರ, ಇದಕ್ಕಿಂತ ಹೆಚ್ಚಿನದು ಅವರಿಬ್ಬರ ನಡುವೆ ಏನೂ ನಡೆದಿಲ್ಲ. ನೀನು ಪತ್ರದಲ್ಲಿ ಬರೆದ ಹೊಲಸು ಮಾತುಗಳನ್ನು ವಾಪಸು ತೆಗೆದುಕೋ.

ಈಗ ಕಷ್ಟದ ಸಂಗತಿ. ಅವನಿಗೆ ಕೆಮ್ಮು ಇದೆ. ಹತ್ತಿ ಪ್ರೆಸ್ಸಿನ ಧೂಳಿನ ಕೆಮ್ಮು. ನಮ್ಮ ಮನೆಗೆ ಬಂದಾಗ ಅವನು ಅದನ್ನು ಮುಚ್ಚಿಡುತ್ತಿದ್ದ. ಚಹಾ ಕುಡಿಯುತ್ತ ಕುಡಿಯುತ್ತ ಮುಖ ಕೆಂಪಗಾಗಿ, ಕಣ್ಣಲ್ಲಿ ನೀರು ಬಂದು, "ಸೈಕಲ್ ಯಾರರ ಒಯ್ದಾರು" ಎಂದು ಓಣಿಯ ಅಗಸೆ ಬಾಗಿಲ ತನಕ ಓಡುವನು. ಆ ಸೈಕಲ್ಲನ್ನು ಕದಿಯುವಂಥ ಕಳ್ಳ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ನಿನ್ನ ಅವ್ವ, "ಆಡಿಗೆ ನೀರು ಇಟ್ಟಿಲ್ಲ" ಎಂದು ಹಿತ್ತಲಿಗೆ ಹೋಗುವಳು. ಅವನು ಈ ಕಡೆ, ಇವಳು ಆ ಕಡೆ, ನಡುವೆ ನಾನು ಎರಡು ಚಹಾ ಕಪ್ಪು ಕಾಯುತ್ತ ಕೂತಿರುವುದು. ನಮ್ಮ ಆಡಿಗೆ ಬಂದ ಭಾಗ್ಯ ಯಾವ ಸಾಹುಕಾರನ ಎಮ್ಮೆಗೂ ಬಂದಿಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆದರೆ ಆ ಕೆಮ್ಮು ನನಗೆ ಗೊತ್ತಾಗದೇ ಇರುತ್ತದೆಯೇ? ನಿನ್ನ ಅಪ್ಪ ರಾಜೇಸಾಬನದೂ ಅದೇ ಕೆಮ್ಮು. ಎರಡು ಸಣ್ಣದು, ಆಮೇಲೆ ಒಂದು ಉದ್ದನೆಯದು, ಕಡೆಗೆ ನರ ಸಡಿಲಾದ ಬಿಲ್ಲಿನ ಸದ್ದು. ನಾನು ಹರೆಯವೆಲ್ಲ ನಾಗಾವಿ, ಮಲ್ಲಸಮುದ್ರ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ಬಿಲ್ಲು ಹೊತ್ತು ತಿರುಗಿ, ಗಿಡದ ಕೆಳಗೆ ಬಯಲಲ್ಲಿ ಹಿಂಜಿದವನು, ಬದುಕಿ ಉಳಿದೆ. ನಿನ್ನ ಅಪ್ಪ, ಅವ್ವ ಒಳಗಿನ ಕೋಣೆಯಲ್ಲಿ ಕೂತು ಹಿಂಜಿದರು. ಅರಳೆ ಹಾರಿ ಅಮೃತವ್ವನ ಮಗ್ಗದ ಮೇಲಿನ ಬಣ್ಣದ ನೂಲಿಗೆ ಅಂಟುತ್ತದೆ ಎಂದು ಬಾಗಿಲು, ಕಿಡಕಿ ಮುಚ್ಚಿಕೊಂಡು ಹಿಂಜಿದರು. ನಿನ್ನ ಅಪ್ಪ ಕಡೆಯ ವರ್ಷ ಮಲಗಲಾರದೆ, ತಲೆದಿಂಬು ಗೋಡೆಗೆ ಆನಿಸಿ ಕೂತೇ ರಾತ್ರಿ ಕಳೆದ. ನೀನು ಆಗ ಸಣ್ಣವ, ಅವನ ಕಾಲ ಬಳಿ ಮಲಗಿರುತ್ತಿದ್ದೆ. ನಿನ್ನ ಅವ್ವ ಅವನ ಬೆನ್ನು ತಿಕ್ಕಿ ತಿಕ್ಕಿ ಅಂಗೈ ಸವೆಸಿಕೊಂಡಳು. ಮಣ್ಣು ಕೊಟ್ಟು ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಇನ್ನೊಮ್ಮಿ ಆ ಸದ್ದು ಕೇಳೂದು ನನ್ನ ಕಡಿಂದ ಆಗೂದಿಲ್ರಿ."

ಮೊನ್ನೆ ಶಿವರಾತ್ರಿ ಮುಂದೆ ನಜೀರಸಾಬ ಪ್ರೆಸ್ಸಿನಲ್ಲಿ ಅಂಡಿಗೆ ಹೊತ್ತವನು ಹೊತ್ತಂತೆಯೇ ಬಿದ್ದ. ದವಾಖಾನೆಗೆ ಹಾಕಿದರು. ಎದೆ ತುಂಬ ಧೂಳು, ಇನ್ನು ಹತ್ತಿಯ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಹೇಳಿದರು. ಎಷ್ಟು ದಿನ ಬದುಕುತ್ತಾನೆ ಎಂದು ನಾನು ಕೇಳಿದ್ದಕ್ಕೆ ಅವರು ನನ್ನ ಗಡ್ಡ ನೋಡಿ ಮುಂದಿನ ಮಂಚದ ಕಡೆ ನಡೆದರು. ನಿನ್ನ ಅವ್ವ ಮುಚ್ಚುಮರೆ ಬಿಟ್ಟು, ಹಾಡುಹಗಲು, ಓಣಿಯ ನಡುವೆ ಗಂಜಿಯ ಡಬ್ಬಿ ಹಿಡಿದು ದವಾಖಾನೆಗೆ ನಡೆದಳು. ಊರು ನೋಡಿತು. ನಿನಗೆ ವಾಸ್ಕೋ ತನಕ ಚಾಡಿ ಬರೆದವರು ಯಾರೆಂದೂ ನನಗೆ ಗೊತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಈಗ ಅವನು ಪ್ರೆಸ್ಸಿನ ಗೇಟಿನ ಹೊರಗೆ ಶೇಂಗಾ ಮಾರುತ್ತ ಕೂರುತ್ತಾನೆ.

ನಿಕಾದ ಮಾತು ಎತ್ತಿದವನು ನಾನು. ಅವನೂ ಅಲ್ಲ, ಅವಳೂ ಅಲ್ಲ. ಮೊದಲು ಅವನನ್ನು ಕೇಳಿದೆ. "ಕಾಕಾ, ಒಮ್ಮಿ ಬಳಿ ಒಡದ ಕೈ ಅದು. ಮತ್ತ ಇಡಿಸಿ ಮತ್ತ ಒಡಸೂದು ಪಾಪ ಅಲ್ಲೇನ್ರಿ?" ಎಂದ. ಆಮೇಲೆ ಅವಳನ್ನು ಕೇಳಿದೆ. ಆ ಕೆಮ್ಮಿನ ಸದ್ದು ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅಂದದ್ದೇ ಬೇರೆ. "ಪಾಪ, ಒಬ್ಬಾಕಿನ್ನ ಹೊತ್ತೊಯ್ದು ಮಣ್ಣು ಮಾಡ್ಯಾರ. ಇನ್ನೊಬ್ಬಾಕಿದು ಅವರಿಗ್ಯಾಕ್ರಿ?" ಸಾಯಲು ಹೊರಟವನು ಅವನು, ನಿನ್ನ ಮಣ್ಣಿನ ಮಾತು ಯಾಕೆ ತೆಗೆಯುತ್ತೀ ಎಂದು ನಾನು ಗದರಿಸಿದೆ. ಆಗ ಅವಳು ನಿನ್ನ ಹೆಸರು ಮುಂದೆ ಹಿಡಿದಳು. "ದಸ್ತಗೀರ ಹೂಂ ಅಂದರ ನೋಡೂಣು" ಎಂದಳು. ಅದಕ್ಕೇ ನಿನಗೆ ಬರೆದೆ, ನೀನು ಬೆಂಕಿ ಉಗುಳಿದೆ.

ಅಪ್ಪನ ಬಿಲ್ಲು ತೂಗಿರುವ ಮನೆಗೆ ಇನ್ನೊಬ್ಬ ಗಂಡಸು ಹೇಗೆ ಬರುತ್ತಾನೆ ಎಂದು ಕೇಳಿದ್ದೀ. ಮಗನೇ, ಅವನು ನಿನಗೆ ಅಪ್ಪ, ನನಗೆ ಮಗ. ಅವನಿಗೆ ಮಣ್ಣು ಹಾಕಿದ ಕೈ ಇದೇ, ಈಗ ಬರೆಯುತ್ತಿರುವುದೂ ಇದೇ. ಮಗನ ಹೆಂಡತಿಯ ಹತ್ತಿರ ಹೋಗಿ ಇನ್ನೊಂದು ನಿಕಾ ಮಾಡಿಕೋ ತಾಯೀ ಎನ್ನುವುದು ಹೆತ್ತ ಅಪ್ಪನಿಗೆ ಎಂಥ ಮಾತು, ನೀನೇ ಯೋಚಿಸು. ಆದರೂ ಅಂದೆ. ಹದಿಹರೆಯದಲ್ಲಿ ಈ ಮನೆಗೆ ಬಂದವಳು, ಗಂಡ ಸತ್ತ ಮೇಲೆ ತವರಿಗೆ ಹೋಗದೆ ನನ್ನ ಮುದಿ ಹೊಟ್ಟೆಗೆ ರೊಟ್ಟಿ ಹಾಕಿದಳು. ನಿನಗೆ ಹೊಲಿಗೆ ಕಲಿಸಿ ಊರು ಬಿಡಿಸಿದವಳೂ ಅವಳೇ. ಮಗ ಅರಳೆ ಮುಟ್ಟಬಾರದು ಎಂಬ ಒಂದೇ ಹಟ ಅವಳಿಗೆ. ನೀನು ಇವತ್ತು ಸಮುದ್ರದ ಗಾಳಿ ಎದೆ ತುಂಬ ಎಳೆದುಕೊಳ್ಳುತ್ತಿದ್ದರೆ ಅದು ಅವಳು ಕೊಟ್ಟ ಗಾಳಿ. ಖಾಜಿಯವರನ್ನು ಕೇಳಿದ್ದೇನೆ, ಶರಿಯತ್ತಿನಲ್ಲಿ ಅಡ್ಡಿಯಿಲ್ಲ. ಅಡ್ಡಿ ನೀನೊಬ್ಬನೇ.

ಇನ್ನು ಹೆಚ್ಚು ಬರೆದರೆ ನಿನಗೆ ಬೈಗುಳವಾಗಿ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು, ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ. ಅಮೃತವ್ವ ನಿನ್ನನ್ನು ಬಹಳ ಕೇಳಿದ್ದಾಳೆ. ಅಲ್ಲೇ ಯಾವುದೋ ಹುಡುಗಿ ನೋಡಿಕೊಂಡಿದ್ದಾನೋ ಎಂದೂ ಕೇಳಿದಳು. ಇದ್ದರೆ ಹೇಳು, ನಾನು ನಿನ್ನ ಹಾಗೆ ಬೆಂಕಿ ಉಗುಳುವುದಿಲ್ಲ. ಅಲ್ಲಾಹ ನಿನ್ನ ಕೈಯ ಕಸುಬನ್ನು ಬೆಳೆಸಲಿ, ನಿನ್ನ ಎದೆಯನ್ನು ಹಸನಾಗಿ ಇಡಲಿ.

ನಿನ್ನ ದಾರಿ ಕಾಯುವ ಅಜ್ಜ
ಮಲಂಗಸಾಬ ಪಿಂಜಾರ

ತಾ.ಕ.: ಪಾಕೀಟಿಗೆ ಅಂಟು ಹಚ್ಚುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಇಷ್ಟುದ್ದ ಬರೆದೆ, ಬರೆಯಬೇಕಾದ್ದನ್ನು ಬರೆಯಲು ಕೈ ಬರಲಿಲ್ಲ. ನಿನ್ನ ಅವ್ವನಿಗೂ ಅದೇ ಕೆಮ್ಮು. ಆಡಿಗೆ ನೀರಿಡಲು ಹೋಗುವುದೆಲ್ಲ ಸುಳ್ಳು. ನಿನ್ನೆ ಗೋಡೆ ಹಿಡಿದುಕೊಂಡು ಅವಳ ಹಿಂದೆ ಹಿತ್ತಲಿಗೆ ಹೋಗಿ ನೋಡಿದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿ ನಿಂತಿದ್ದಳು. ಎರಡು ಸಣ್ಣದು, ಒಂದು ಉದ್ದನೆಯದು, ಕಡೆಗೆ ಆ ಸದ್ದು. ನನ್ನ ಕಿವಿ ಸುಳ್ಳು ಹೇಳಲಿ ಎಂದು ದರ್ಗಾಕ್ಕೆ ಹರಕೆ ಹೊತ್ತಿದ್ದೇನೆ, ಆದರೆ ಅದು ಹೇಳುವುದಿಲ್ಲ. ಅವನು ಎರಡನೇ ಹೆಂಡತಿಗೂ ಮಣ್ಣು ಕೊಡಬಾರದು ಎಂದೇ ಇವಳು ಒಲ್ಲೆ ಎನ್ನುತ್ತಿದ್ದಾಳೆ. ನೀನು ಹೂಂ ಅನ್ನುವುದಿಲ್ಲ ಎಂದು ಗೊತ್ತಿದ್ದೇ ನಿನ್ನ ಹೆಸರು ಹಿಡಿದಳು. ನಿನ್ನ ಸಿಟ್ಟಿನ ಮರೆಯಲ್ಲಿ ಅಡಗಿ ಕೂತಿದ್ದಾಳೆ. ಇವತ್ತು ಮುಂಜಾನೆ ಟಾಂಗಾ ಹತ್ತಿ ಪ್ರೆಸ್ಸಿನ ಗೇಟಿಗೆ ಹೋಗಿ ನಜೀರಸಾಬನಿಗೆ ಎಲ್ಲ ಹೇಳಿದೆ. ಅವನು ಶೇಂಗಾದಲ್ಲಿನ ಕಲ್ಲು ಆರಿಸಿ ಒಗೆದ. ಆಮೇಲೆ, "ಹಂಗಾರ ಒಂದ ಮನ್ಯಾಗ ಇರೂದ ಚಲೋ ಅಲ್ಲೇನ್ರಿ ಕಾಕಾ? ಮುಚ್ಚಿಡೂ ತ್ರಾಸರ ತಪ್ಪತೈತಿ" ಎಂದ. ಪತ್ರ ಬರೆಯುತ್ತ ಕೂರಬೇಡ, ಮಾಲೀಕ ಬೈದರೂ ಸರಿ, ಸಿಕ್ಕ ಗಾಡಿ ಹತ್ತಿ ಬಾ, ಬಾಗಿಲಲ್ಲೇ ನಿಂತು ಹೂಂ ಅನ್ನು. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ. ನೀನು ಬರುವ ತನಕ ಅವಳು ಆಡಿನ ಹತ್ತಿರ ನಿಂತೇ ಕೆಮ್ಮುತ್ತಾಳೆ.