ಸೂರ್ಯ ಯಾವ ಕಡೆಗಿತ್ತು

ಜೂನ್ 3, ಬೆಳಗಿನ ಜಾವ 3:10

ಎಬ್ಬಿಸಿದ್ದು ಪಾಪು ಅಳು ಅಲ್ಲ. ಸರ್ರ್... ಅಂತ ಕಾರ್ಡು ಕಲಸಿದ ಸದ್ದು. ಅದರ ಹಿಂದೆಯೇ ಇನ್ನೊಂದು — ಹಕ್ಕಿ ಗಂಟಲು ಸರಿಮಾಡಿಕೊಂಡ ಹಾಗೆ. ಕನಸಿರಬೇಕು. ಕೈ ಚಾಚಿದರೆ ಪಕ್ಕ ಖಾಲಿ. ಎದ್ದು ಹೊರಗೆ ಬಂದೆ.

ಹಾಲ್‌ನಲ್ಲಿ ದೀಪ. ಅಕ್ಕನ ತೊಡೆ ಮೇಲೆ ಪಾಪು, ಕಣ್ಣು ಇಷ್ಟಗಲ. ಅಕ್ಕನ ಒಂದು ಕೈಯಲ್ಲಿ ಅವಳ ಭವಿಷ್ಯ ಹೇಳೋ ಕಾರ್ಡಿನ ಕಟ್ಟು. ಎದುರಿಗೆ ಇವರು, ಇನ್ನೂ ಯೂನಿಫಾರ್ಮ್‌ನಲ್ಲೇ. ಎಲ್ಲೋ ಲಿಫ್ಟು ಸಿಕ್ಕಿಹಾಕಿಕೊಂಡಿದೆ ಅಂತ ಕಂಪನಿ ಫೋನ್ ಬಂದು ರಾತ್ರಿ ಹೋಗಿದ್ದವರು. ಇಬ್ಬರದೂ ಏನೋ ಪಿಸುಪಿಸು. ಅಕ್ಕನ ಇನ್ನೊಂದು ಕೈ ಇವರ ಮಣಿಕಟ್ಟು ಹಿಡಿದಿತ್ತು. ನನ್ನನ್ನು ಕಂಡದ್ದೇ ಬಿಟ್ಟಿತು. ಮಾತೂ ನಿಂತಿತು.

ಎದ್ದುಬಿಟ್ಟಿದ್ದಳು, ನೀನು ಸ್ವಲ್ಪ ಮಲಗಲಿ ಅಂತ ಎತ್ತಿಕೊಂಡು ಬಂದೆ — ಅಂದಳು ಅಕ್ಕ. ಪಕ್ಕದಿಂದ ಮಗು ಎತ್ತಿಕೊಂಡು ಹೋದರೂ ಗೊತ್ತಾಗದಷ್ಟು ಸತ್ತು ಮಲಗಿದ್ದೆನಾ ನಾನು? ಇಸಕೊಂಡು ಬಂದೆ. ಕೋಣೆಗೆ ಬಂದದ್ದೇ ರಾಗ ಶುರು. ಅಲ್ಲಿ ಗಪ್‌ಚಿಪ್ ಇದ್ದವಳು.

ಇವರು ಆಗಲೇ ಗೊರಕೆ. ನನಗೆ ಕಣ್ಣು ಮುಚ್ಚಿದರೆ ಆ ಮಣಿಕಟ್ಟು.

ಜೂನ್ 5, ಮಧ್ಯಾಹ್ನ

ಅಕ್ಕ ಬಂದು ಎರಡೂವರೆ ತಿಂಗಳಾಯಿತು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿಗೆ ರಜೆ ಹಾಕಿ ನನ್ನ ಬಾಣಂತನಕ್ಕೆ ನಿಂತವಳು. ಒಂದೂ ಹಲ್ಲಿಲ್ಲದೆ ಇಷ್ಟು ದೌಲತ್ತು ಮಾಡೋ ಗಿರಾಕೀನ ನಾನು ಕಂಡೇ ಇಲ್ಲ ಅಂತ ಪಾಪುವಿಗೆ 'ಬೊಚ್ಚಿ' ಅಂತ ಹೆಸರಿಟ್ಟಳು. ಈಗ ಇವರಿಗೂ ಬೊಚ್ಚಿ. ಮೇಲಿನ ಮನೆಯವರಿಗೂ ಬೊಚ್ಚಿ. ನಾನು ಹುಡುಕಿ ಹುಡುಕಿ ಇಟ್ಟ ಹೆಸರು ಜನನ ಪ್ರಮಾಣಪತ್ರದಲ್ಲಿ ತಣ್ಣಗೆ ಕೂತಿದೆ.

ಇವತ್ತು ಕಾರ್ಡು ಹಾಕ್ತೀನಿ ಬಾ, ನಿನ್ನ ಮುಖ ನೋಡೋಕಾಗ್ತಿಲ್ಲ ಅಂದಳು. ಹಾಸ್ಟೆಲಿನಲ್ಲಿ ಕಲಿತದ್ದು. ಬರೀ ಮೂರು ಕಾರ್ಡಿನದಲ್ಲ, ದೊಡ್ಡ ಹಾಸು — ಕಟ್ಟಿನಲ್ಲಿರುವ ಮೂವತ್ತಾರನ್ನೂ ಒಂಬತ್ತೊಂಬತ್ತರ ನಾಲ್ಕು ಸಾಲಾಗಿ ಹರಡುವುದು. ಆದರೆ ಕಲಸೋಕೆ ಅಡುಗೆಮನೆಗೆ ಹೋದಳು. ಬಾಗಿಲೂ ಹಾಕಿಕೊಂಡಳು. ಕೂತಲ್ಲೇ ಕಲಸಬಾರದಾ? ಅಲ್ಲೇನು ಜೋಡಿಸಿಕೊಂಡು ಬಂದಳೋ.

ಕಟ್ಟಿನಲ್ಲಿ ಹೆಂಗಸಿನ ಚಿತ್ರ ಒಂದೇ. ಕೇಳುವವಳು ಹೆಂಗಸಾದರೆ ಅದೇ ಅವಳು. ಆ ಕಾರ್ಡಿನ ಎಡಕ್ಕೆ ಬಿದ್ದದ್ದು ಕಳೆದದ್ದು, ಬಲಕ್ಕೆ ಬಿದ್ದದ್ದು ಬರುವುದು. ತಲೆ ಮೇಲಿನದು ಹೊರೆ. ಕಾಲ ಕೆಳಗಿನದು ನಮ್ಮ ಕೈಯಲ್ಲಿರುವುದು. ಹತ್ತಿರ ಇದ್ದಷ್ಟೂ ಜೋರು, ದೂರ ಹೋದಷ್ಟೂ ಸಪ್ಪೆ.

"ನೋಡೇ, ಹಾವು ಹಿಂದಾಯ್ತು. ಮುಂದೆ ಪಕ್ಕದಲ್ಲೇ ಸೂರ್ಯ ಕೂತಿದಾನೆ. ಮೋಡ ಕಾಲ ಕೆಳಗೆ, ಒದ್ದು ಹೋಗ್ತಿರು" ಅಂದಳು.

ನಾನು ಹಾಲು ಕುಡಿಸುವ ಕುರ್ಚಿಯಲ್ಲಿ, ಮೇಜಿನ ಈಚೆ. ಅವಳು ಆಚೆ. ಪಾಪು ತೊಡೆ ಮೇಲೆ ಅಪರೂಪಕ್ಕೆ ನಿದ್ದೆ ಹೋಗಿದ್ದಳು, ಏಳುವ ಹಾಗಿಲ್ಲ. ಕೂತಲ್ಲಿಂದಲೇ ಯಾವ ಕಾರ್ಡು ಎಲ್ಲಿ ಅಂತ ಈ ಡೈರಿಯ ಕೊನೇ ಹಾಳೆಯಲ್ಲಿ ಮನೆ ಹಾಕಿ ಬರೆದುಕೊಂಡೆ. ನಿಧಾನವಾಗಿ ನೋಡಬೇಕು.

ಜೂನ್ 6, ರಾತ್ರಿ 2:30

ನೋಡಿದೆ. ಸುಳ್ಳು ಹೇಳಿದ್ದಾಳೆ!

ನಾನು ಬರೆದುಕೊಂಡದ್ದರಲ್ಲಿ ಸೂರ್ಯ ನನ್ನ ಎಡಕ್ಕಿದೆ. ಅಂದರೆ ಮುಗಿದ ಕಥೆ. ಬಲಕ್ಕೆ, ಮೈಗೆ ತಾಗಿಕೊಂಡು, ಹಾವು. ಹಾವಿನ ಆಚೆ ಮುಚ್ಚಿದ ಪುಸ್ತಕ — ಅದು ಗುಟ್ಟಂತೆ. ಪುಸ್ತಕದ ಆಚೆ ಗಂಡಸು. ಮಗುವಿನ ಕಾರ್ಡು ಹಾವಿಗೆ ಆತುಕೊಂಡೇ ಬಿದ್ದಿದೆ. ಮೋಡ ಕಾಲ ಕೆಳಗಲ್ಲ, ನನ್ನ ನೆತ್ತಿ ಮೇಲೆ.

ಹಾವು ಅಂದರೆ ಸುತ್ತುಬಳಸಿನ ದಾರಿ ಅಂತಲೂ ಇದೆ ಅಂದಿದ್ದಳು. ಬುದ್ಧಿವಂತ ಹೆಂಗಸು ಅಂತಲೂ ಇದೆ. ಅದನ್ನು ತೇಲಿಸಿ ಹೇಳಿದಳು.

ನನಗೂ ನನ್ನ ಗಂಡನಿಗೂ ನಡುವೆ ಒಬ್ಬ ಬುದ್ಧಿವಂತ ಹೆಂಗಸು, ಒಂದು ಗುಟ್ಟು. ಡಿಗ್ರಿ ಮಾಡಿದವಳು ಇಂಥದ್ದನ್ನೆಲ್ಲ ನಂಬುತ್ತೀಯಾ ಅಂತ ನನ್ನನ್ನೇ ಕೇಳಿಕೊಂಡೆ. ನಂಬಲ್ಲ. ಆದರೆ ಸುಳ್ಳು ಯಾಕೆ ಹೇಳಬೇಕು?

ಜೂನ್ 9, ಸಂಜೆ

ಪಾಪು ನಕ್ಕಳು. ಬರೀ ಬಾಯಿ ಅರಳಿಸಿದ್ದಲ್ಲ — ಸದ್ದು ಮಾಡಿ. ನನಗೆ!

ಅಕ್ಕನೇ ಕಾರ್ಡಿನ ಕಟ್ಟು ನನ್ನ ಕೈಗಿಟ್ಟಳು. ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸಿ ಕಲಸಿ ನನ್ನ ಬೆರಳು ದಡ್ಡುಗಟ್ಟಿದೆ, ಇವತ್ತು ನೀನು ಕಲಸು, ಬೊಚ್ಚಿ ಎದುರಿಗೇ ಕೂತ್ಕೋ ಅಂದಳು. ನನಗೆಲ್ಲಿ ಬರುತ್ತೆ. ಸರ್ರ್ ಅಂದು ಅರ್ಧ ಕಟ್ಟು ನೆಲಕ್ಕೆ. ಪಾಪು ಒಂದು ಕ್ಷಣ ದಿಟ್ಟಿಸಿ — ಹ್ಹಿಕ್ ಅಂದಳು. ಇನ್ನೊಂದು ಸಲ ಕಲಸಿದೆ. ಮತ್ತೆ ನಗು. ಎಲ್ಲೋ ಕೇಳಿದ ಸದ್ದು ಅನ್ನಿಸಿತು... ನಾನು ಅತ್ತುಬಿಟ್ಟೆ.

"ಮೊದಲನೇ ನಗು! ಅಮ್ಮನಿಗೇ ಕಣೇ! ತಾರೀಖು ಬರ್ಕೋ" ಅಂತ ಅಕ್ಕ ಚಪ್ಪಾಳೆ ತಟ್ಟಿದಳು. ಇವರು ಮಾತ್ರ ತಲೆ ತಗ್ಗಿಸಿ ಸ್ಕ್ರೂಡ್ರೈವರ್ ಒರೆಸುತ್ತ ಕೂತರು.

ಇಷ್ಟು ದಿನ ಹೊತ್ತು ತಿರುಗಿದವಳಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಒಳಗೊಳಗೇ ಎಷ್ಟು ಹಿತವಾಯಿತೆಂದರೆ, ನನಗೇ ನಾಚಿಕೆ.

ಜೂನ್ 13

ಲ್ಯಾಬಿನವರು ಬೇರೆ ಊರಲ್ಲಿ ಹೊಸ ಶಾಖೆ ತೆರೆಯುತ್ತಾರಂತೆ. ಅಕ್ಕನೇ ಅದನ್ನು ನೋಡಿಕೊಳ್ಳಬೇಕಂತೆ. ಎರಡು ವರ್ಷ ಅಲ್ಲೇ ಇರಬೇಕು. ಹತ್ತೊಂಬತ್ತರ ಬೆಳಿಗ್ಗೆ ಹೂಂ ಅಥವಾ ಉಹೂಂ ಹೇಳಬೇಕು. ಬೊಚ್ಚಿಗೆ ಒಂದು ವರ್ಷ ತುಂಬೋವರೆಗೂ ನಾನೆಲ್ಲಿಗೂ ಹೋಗಲ್ಲ ಅಂದಳು, ಬಟ್ಟೆ ಮಡಚುತ್ತ. ಇವರ ಮುಖ ಅರಳಿತು.

ಕೇಳಿದವರು ಯಾರು? ನನ್ನ ಮನೆಯಲ್ಲಿ ಎಷ್ಟು ದಿನ ಇರಬೇಕು ಅಂತ ಅವಳು ನಿರ್ಧರಿಸುವುದು, ಅದಕ್ಕೆ ಇವರು ಖುಷಿಪಡುವುದು.

ಅಕ್ಕನಿಗೆ ಎರಡು ಸಲ ಬಸಿರು ನಿಂತು ಉಳಿಯಲಿಲ್ಲ. ಆಮೇಲೆ ಭಾವನೂ ಉಳಿಯಲಿಲ್ಲ. ಗೊತ್ತು ನನಗೆ. ಗೊತ್ತಿದ್ದೂ ಹೊಟ್ಟೆ ಉರಿಯುತ್ತೆ. ಮಡಚಿಟ್ಟ ಪಾಪು ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ನನ್ನ ಥರ ಮಡಚಿಟ್ಟೆ.

ಜೂನ್ 17, ರಾತ್ರಿ

ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಪಾಪುಗೆ ಇಂಜೆಕ್ಷನ್. ಕ್ಲಿನಿಕ್ಕಿನಲ್ಲಿ ಅಕ್ಕ ಎತ್ತಿಕೊಂಡಿದ್ದಳು. ನನ್ನ ಕೈಯಲ್ಲಿ ಬ್ಯಾಗು, ಫೈಲು, ಛತ್ರಿ. ಹೆಸರು ಕರೆದರು. ಇಬ್ಬರೂ ಎದ್ದೆವು. ಬಾಗಿಲಲ್ಲಿದ್ದ ನರ್ಸ್ ನನ್ನ ಎದೆಗೆ ಅಡ್ಡ ಕೈ ಇಟ್ಟು, "ನೀವು ಹೊರಗಿರಿ. ತಾಯಿ ಒಬ್ಬರೇ ಒಳಗೆ" ಅಂದಳು.

ಅಕ್ಕ ಕೂಡಲೇ ತಿರುಗಿ ಪಾಪುವನ್ನು ನನ್ನ ಕೈಗಿತ್ತಳು. ಆದರೆ ಕೂಡಲೇ ಅಂದರೆ ಕೂಡಲೇ ಅಲ್ಲ. ನಡುವೆ ಒಂದು ಚೂರು ಹೊತ್ತು... ನಾನು ಕಂಡೆ. ಅವಳ ಮುಖದಲ್ಲಿ ಒಂದು ಬೆಳಕು ಬಂದು ಹೋಯಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಹಾವು, ಪುಸ್ತಕ, ಸುಳ್ಳು, ಮಣಿಕಟ್ಟು, ಅಡುಗೆಮನೆ ಬಾಗಿಲು — ಏನೇನೋ ಅಂದೆ. ಎಂಥಾ ಮಣಿಕಟ್ಟೇ ಅಂತ ಅವಳು ಮೊದಲು ನಕ್ಕಳು. ಅದೇ ತಪ್ಪಾಯಿತು. ಬಾಯಿಗೆ ಬಂತು, ಅಂದುಬಿಟ್ಟೆ.

"ಹೆತ್ತವಳು ನಾನು. ಅಷ್ಟು ಆಸೆ ಇದ್ರೆ ನಿನ್ನ ಲ್ಯಾಬಲ್ಲಿ ಅಚ್ಚು ಹಾಕಿ ಒಂದು ಮಾಡ್ಕೋ."

ಇವರು ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತೇ ಇದ್ದರು. ಅಕ್ಕ ಒಳಗೆ ಹೋಗಿ ಬ್ಯಾಗು ತುಂಬಿಕೊಂಡಳು. ಅಳಲಿಲ್ಲ. ಪಾಪುವಿನ ಕಡೆ ನೋಡಲೂ ಇಲ್ಲ.

"ಬಾಟಲು ಕುದಿಸಿಟ್ಟಿದೀನಿ. ಮುಚ್ಚಳ ಬಿಗಿ ಮಾಡಿಲ್ಲ, ನೋಡ್ಕೋ" ಅಂದಳು. ಹೋದಳು.

ಜೂನ್ 18, ಮಧ್ಯಾಹ್ನ

ಮನೆ ನನ್ನದಾಯಿತು. ಪಾಪು ಬೆಳಗಿನಿಂದ ಅಳುತ್ತಿದ್ದಾಳೆ. ಇಂಜೆಕ್ಷನ್ನಿನ ಜ್ವರ, ಇಳಿಯುತ್ತೆ ಅಂದರು ಡಾಕ್ಟರು. ಮಧ್ಯೆ ಮಧ್ಯೆ ಬಾಗಿಲ ಕಡೆ ಕತ್ತು ತಿರುಗಿಸುತ್ತಾಳೆ. ನಾನೂ.

ಜೂನ್ 18, ರಾತ್ರಿ 11

ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. ಎಲ್ಲಾ ಅವಳದೇ ಅಂದುಕೊಂಡಿದ್ದಳು, ಮೊದಲನೇ ನಗು ಮಾತ್ರ ನನಗೇ ಬಂತಲ್ಲ, ಅದನ್ನು ಕಿತ್ಕೊಳ್ಳೋಕೆ ಆಗಲಿಲ್ಲವಲ್ಲ ಅಂದೆ.

ಇವರು ತಟ್ಟೆ ಪಕ್ಕಕ್ಕೆ ಸರಿಸಿದರು. "ಅದು ಮೊದಲನೇದಲ್ಲ."

ಆಮೇಲೆ ಹೇಳಿದರು. ತಡೆತಡೆದು. ಆವತ್ತು ಬೆಳಗಿನ ಜಾವ ಇವರು ಕೆಲಸ ಮುಗಿಸಿ ಬಂದಾಗ ಅಕ್ಕ ಪಾಪುವನ್ನು ಸಮಾಧಾನ ಮಾಡೋಕೆ ಕಾರ್ಡು ಕಲಸಿದಳಂತೆ. ಸರ್ರ್ ಅಂದದ್ದೇ ಪಾಪು ಹ್ಹಿಕ್ ಅಂತ ನಕ್ಕಳಂತೆ. ಇವರು ನನ್ನನ್ನು ಎಬ್ಬಿಸೋಕೆ ಓಡಿದರಂತೆ. ಅಕ್ಕ ಮಣಿಕಟ್ಟು ಹಿಡಿದು ಎಳೆದು ಕೂರಿಸಿದಳು.

"ಹೇಳ್ಬೇಡಿ. ರಾತ್ರಿಯೆಲ್ಲಾ ಅಳು ಕೇಳೋಳು ಅವಳು, ನಗು ನನಗೆ ಬಂತು ಅಂದ್ರೆ ಕುಸಿದುಹೋಗ್ತಾಳೆ. ಇದು ಅವಳದೇ ಆಗ್ಲಿ. ಆಣೆ ಮಾಡಿ."

ಆಮೇಲೆ ಪಾಪುವಿಗೆ ಕೇಳುವ ಹಾಗೆ ಅವಳು ಒಂದು ಸಲವೂ ಕಾರ್ಡು ಕಲಸಲಿಲ್ಲ. ನಾನು ಕಲಸುವವರೆಗೆ. ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಕಲಸಿದ್ದು ಅದಕ್ಕೆ.

ಇವರು ಇನ್ನೊಂದು ಹೇಳಿದರು. ನಾಳೆ ಬೆಳಿಗ್ಗೆ ಲ್ಯಾಬಿನವರಿಗೆ ಹೂಂ ಅಂತೀನಿ, ಅವಳಿಗೆ ತೊಂದರೆ ಇರಲ್ಲ ಅಂತ ಸಂಜೆ ಇವರಿಗೆ ಮೆಸೇಜು ಹಾಕಿದ್ದಾಳೆ. ನನ್ನ ಫೋನು ಎತ್ತುತ್ತಿಲ್ಲ.

ಜೂನ್ 19, ರಾತ್ರಿ 2

ಕಾರ್ಡಿನ ಕಟ್ಟು ಬಿಟ್ಟು ಹೋಗಿದ್ದಾಳೆ. ಪಾಪು ಸೋತು ಮಲಗಿದ ಮೇಲೆ, ನಾನು ಬರೆದುಕೊಂಡದ್ದನ್ನು ನೋಡಿ ಮೇಜಿನ ಮೇಲೆ ಹಾಗೇ ಹರಡಿದೆ. ಅದೇ ಕುರ್ಚಿಯಲ್ಲಿ ಕೂತು. ಎಡಕ್ಕೆ ಸೂರ್ಯ. ಬಲಕ್ಕೆ ಹಾವು, ಪುಸ್ತಕ, ಗಂಡಸು. ಒಂದು ಕಾರ್ಡು ಜಾರಿ ಆಚೆ ಬಿತ್ತು. ಎತ್ತಿಕೊಳ್ಳೋಕೆ ಮೇಜು ಸುತ್ತಿ ಹೋಗಿ ತಲೆಯೆತ್ತಿದೆ. ಅಕ್ಕ ಕೂತ ಜಾಗ.

ಅಲ್ಲಿಂದ ಸೂರ್ಯ ಬಲಕ್ಕಿದೆ.

ಹಾವು ಎಡಕ್ಕೆ, ಗುಟ್ಟು ಅದರ ಹಿಂದೆ — ಎಲ್ಲಾ ಕಳೆದದ್ದು. ಮೋಡ ಕಾಲ ಕೆಳಗೆ. ಕಾರ್ಡು ಹಾಕಿದವಳ ಕಡೆಯಿಂದ ನೋಡಬೇಕಿತ್ತು. ನಾನು ಎದುರಿನಿಂದ, ತಲೆಕೆಳಗಾಗಿ ಬರೆದುಕೊಂಡು, ಅದನ್ನೇ ಇಟ್ಟುಕೊಂಡು ಎರಡು ವಾರ ಅವಳನ್ನು ಹಾವು ಮಾಡಿದೆ. ಅವಳು ಸುಳ್ಳು ಹೇಳಿರಲಿಲ್ಲ. ಹೇಳಿದ್ದು ಒಂದೇ ಸುಳ್ಳು, ಅದೂ ನನಗೋಸ್ಕರ.

ಆವತ್ತಿನ ಆ ಹಕ್ಕಿ ಸದ್ದು ಕನಸಲ್ಲ, ಪಾಪುವಿನ ನಗು. ನಾನೂ ಕೇಳಿದ್ದೆ! ಇಲ್ಲೇ ಬರೆದಿದ್ದೇನೆ. ಗೋಡೆ ಈಚೆ ಇದ್ದರೂ ಕೇಳಿದ್ದೆ. ನಿನ್ನದೂ ಹೋಗಲಿಲ್ಲ, ನನ್ನದೂ ಹೋಗಲಿಲ್ಲ ಅಕ್ಕಾ.

ಈಗ ನಿನಗೇ ಬರೀತಿದೀನಿ. ಮೆಸೇಜು ಮಾಡೋಕೆ ಹೋದರೆ ಬರೆದು ಬರೆದು ಅಳಿಸ್ತೀನಿ. ಇಲ್ಲಿ ಬರೆದದ್ದು ಅಳಿಸಲ್ಲ. ಮೊದಲಿಂದ ಕೊನೆವರೆಗೂ ಫೋಟೋ ತೆಗೆದು ಕಳಿಸ್ತೀನಿ, ನಾನೆಷ್ಟು ಕೆಟ್ಟವಳು ಅಂತ ನೀನೇ ಓದು. ಆ ಅಚ್ಚಿನ ಮಾತೂ ಇದೆ. ಹರಿದುಹಾಕೋಣ ಅನ್ನಿಸಿತು. ಹರೀಲಿಲ್ಲ.

ಹೋಗ್ಬೇಡ ಅಂತ ಹೇಳೋಕಲ್ಲ. ಅದು ನೀನು ಸಂಪಾದಿಸಿದ ಜಾಗ, ಹೋಗು ಬೇಕಾದ್ರೆ. ಆದರೆ ನನ್ನ ಬಾಯಿಗೆ ಹೆದರಿ ಹೋಗ್ಬೇಡ. ಬೆಳಿಗ್ಗೆ ಅವರಿಗೆ ಹೂಂ ಅನ್ನೋ ಮೊದಲು ನನ್ನ ಹತ್ರ ಒಂದು ಮಾತು.

ಪಾಪು ಎದ್ದಳು. ಕಲಸಿದೆ, ನಗಲಿಲ್ಲ. ನಿನ್ನ ಥರ ಸರ್ರ್ ಅನ್ನಿಸೋಕೆ ನನಗೆ ಬರಲ್ಲ, ಬರೀ ಟಪ ಟಪ ಬೀಳುತ್ತೆ. ಫೋನು ಅವಳ ಕಿವಿ ಹತ್ರ ಇಡ್ತೀನಿ. ಬೈ ನನಗೆ, ಎಷ್ಟು ಬೇಕಾದ್ರೂ ಬೈ, ಇಲ್ಲಾ ನನ್ನ ಹತ್ರ ಮಾತೇ ಆಡ್ಬೇಡ, ಬೊಚ್ಚೀ ಅಂತ ಅವಳನ್ನ ಒಂದು ಸಲ ಕರಿ ಸಾಕು. ನಾನು ಮಲಗಲ್ಲ. ಮೂರು ಗಂಟೆಯಾದ್ರೂ ಸರಿ, ಐದಾದ್ರೂ ಸರಿ, ಬೆಳಗಾಗೋದ್ರೊಳಗೆ ಫೋನ್ ಮಾಡು ಅಕ್ಕಾ, ಒಂದೇ ಒಂದು ರಿಂಗು ಕೊಟ್ಟರೂ ನಾನು ಎತ್ತಿಬಿಡ್ತೀನಿ.